ಅತ್ತರೆ ಕೇಳುವ ಮಾತು

ನೀರಿನ ಟ್ಯಾಂಕರು ಹಿಂದಕ್ಕೆ ಬರುತ್ತಿತ್ತು. ಅದರ ಹಾದಿಯಲ್ಲೇ ಪಾಯಲ್ ಕುಕ್ಕರಗಾಲಲ್ಲಿ ಕೂತು ಉಸುಕಿನ ಗೂಡು ಕಟ್ಟುತ್ತಿದ್ದಳು. ಈಗಿನ ಬ್ಯಾಟರಿ ಗಾಡಿಗಳಿಗೆ ಸದ್ದೆಂಬುದಿಲ್ಲ. ಶೆಡ್ಡಿನ ಬಾಗಿಲಲ್ಲಿ ರೊಟ್ಟಿ ಬಡಿಯುತ್ತಿದ್ದ ಸಕ್ರಿಬಾಯಿ ತಲೆಯೆತ್ತಿ ನೋಡಿದವಳೇ, ಕೈಯಲ್ಲಿದ್ದ ಹಿಟ್ಟನ್ನು ಚೆಲ್ಲಿ, ತಮ್ಮ ಲಂಬಾಣಿ ಮಾತಿನಲ್ಲಿ ಕಿರುಚಿದಳು.

"ಛೋರೀ, ಏಳ! ಈ ಕಡೆ ಓಡಿ ಬಾ!"

ಮಗಳು ಕದಲಲಿಲ್ಲ. ಇನ್ನೊಮ್ಮೆ ಕಿರುಚಿದಳು. ಟ್ಯಾಂಕರಿನ ಡ್ರೈವರು ಬೇಕಾದರೆ ಕೇಳಿಸಿಕೊಂಡಾನು, ಅಷ್ಟು ದೊಡ್ಡ ದನಿ. ಮಗಳು ಮಾತ್ರ ಕತ್ತು ಹೊರಳಿಸಲಿಲ್ಲ. ಪಕ್ಕದ ಶೆಡ್ಡಿನ ಹುಲಿಗೆವ್ವ ಬಟ್ಟೆ ಹಿಂಡುತ್ತಿದ್ದವಳು, ಅಷ್ಟೇನೂ ಜೋರಿಲ್ಲದೆ, "ಏ ಪಾಯಲಾ, ಸರೀ ಅತ್ತಾಗ, ಗಾಡಿ ಬಂತು!" ಅಂದಳು. ಅಂದದ್ದೇ ತಡ, ಹುಡುಗಿ ಕಪ್ಪೆಯ ಹಾಗೆ ಪಕ್ಕಕ್ಕೆ ಜಿಗಿದಳು. ಗಾಲಿ ಉಸುಕಿನ ಗೂಡಿನ ಮೇಲೆ ಹಾದು ಹೋಯಿತು.

ಸಕ್ರಿ ಓಡಿಹೋಗಿ ಮಗಳ ರಟ್ಟೆ ಹಿಡಿದು ಎಳೆದು, ಬೆನ್ನಿಗೆ ಒಂದು ಬಾರಿಸಿ, ಬಾರಿಸಿದ ಕೈಯಿಂದಲೇ ಎದೆಗವಚಿಕೊಂಡಳು. "ಕಿವಿ ಸತ್ತಾವೇನ ನಿನ್ನವು? ಗಂಟಲ ಹರಿಯೂ ಹಂಗ ಕರದೆನಲ್ಲ?"

ಆರು ವರ್ಷದ ಆ ಹುಡುಗಿ ತಾಯಿಯ ತುಟಿಯನ್ನು ನೋಡಿದಳು. ಕಿಟಕಿಯಾಚೆ ಸುರಿಯುವ ಮಳೆಯನ್ನು ನೋಡುವ ಹಾಗೆ. ಆಮೇಲೆ ಕನ್ನಡದಲ್ಲಿ ಹೇಳಿದಳು: "ಅವ್ವಾ, ಸುಮ್ನ ಸದ್ದ ಮಾಡಬ್ಯಾಡ. ಏನಂತಿ ಅದನ್ನ ಅನ್ನು."

ಅವ್ವಾ. ಕಳೆದ ಮಳೆಗಾಲದ ತನಕ ಈ ಬಾಯಿ ಲಂಬಾಣಿಯಲ್ಲಿ 'ಯಾಡಿ' ಎಂದು ಕರೆಯುತ್ತಿತ್ತು.

ಗೋವಾದ ಬಂದರಿನ ಹಿಂದಿನ ಗುಡ್ಡದ ಮೇಲೆ ಆಗ ಒಂದು ದೊಡ್ಡ ವಸತಿ ಏಳುತ್ತಿತ್ತು. ಗೋಡೆಯನ್ನು ಯಂತ್ರ ಕಟ್ಟುತ್ತಿತ್ತು, ಶಾವಿಗೆ ಒತ್ತಿದ ಹಾಗೆ ಸಿಮೆಂಟಿನ ಎಳೆ ಒತ್ತುತ್ತಾ. ಆದರೆ ಯಂತ್ರ ಬಿಟ್ಟ ಹೊಲಸು ಬಳಿಯುವುದಕ್ಕೆ, ಮೂಲೆ ತಿದ್ದುವುದಕ್ಕೆ ಮನುಷ್ಯರ ಕೈ ಬೇಕೇಬೇಕಲ್ಲ. ಅದಕ್ಕೆಂದು ಬಂದವರೇ ಶೆಡ್ಡುಗಳ ಸಾಲಿನ ಜನ. ಸಕ್ರಿಯ ಗಂಡ ಥಾವರು ವಿಜಯಪುರದ ಕಡೆಯ ತಾಂಡಾದವನು, ಮೇಸ್ತ್ರಿಗಳ ಜೊತೆ ಬೆಳೆದವನು, ಕನ್ನಡ ಅವನಿಗೆ ನೀರು ಕುಡಿದಷ್ಟು ಸಲೀಸು. ಸಕ್ರಿ ತೆಲಂಗಾಣದ ತಾಂಡೂರು ಕಡೆಯವಳು. ಮದುವೆಯಾದ ಮೇಲೆ ಕಲಿತ ಅವಳ ಕನ್ನಡ ಅಂಗಡಿಗೆ ಸಾಕು, ಕೂಲಿಗೆ ಸಾಕು. ಮಗಳನ್ನು ಮುದ್ದು ಮಾಡುವುದಕ್ಕೆ, ಹೆದರಿದಾಗ ಸಮಾಧಾನ ಮಾಡುವುದಕ್ಕೆ, ಬೈದ ಮೇಲೆ ಬೈದದ್ದನ್ನು ಮರೆಸುವುದಕ್ಕೆ ಸಾಲದು.

ಶಾಲೆ ಕೊಂಕಣಿಯದು. ಪಾಯಲ್ ಹೋದ ಮೊದಲ ತಿಂಗಳೆಲ್ಲ ಗೋಡೆಗೆ ಅಂಟಿ ಕೂತಿದ್ದಳು. ಮೂತ್ರಕ್ಕೆ ಹೋಗಬೇಕೆಂದು ಕೇಳಲು ಬಾರದೆ ಕೂತಲ್ಲೇ ಮಾಡಿಕೊಂಡು, ಮರುದಿನ ಹೋಗುವುದಿಲ್ಲವೆಂದು ಹಟ ಹಿಡಿದಳು. ಆಗ ಬಂದದ್ದು ಕಿವಿಬೊಟ್ಟು.

ಹಣೆಗಿಡುವ ಬೊಟ್ಟಿನಷ್ಟೇ ದೊಡ್ಡದು. ಕಿವಿಯ ಹಿಂದೆ ಅಂಟಿಸುತ್ತಿದ್ದರು. ಗುಳೆ ಬಂದವರ ಮಕ್ಕಳು ಹೊಸ ಭಾಷೆ ಹೇಗೆ ಕಲಿಯುತ್ತಾರೆ ಎಂದು ಬಹಳ ಕಾಲ ಅಭ್ಯಾಸ ಮಾಡಿದ ಒಂದು ಭಾಷಾ ಕೇಂದ್ರ ಅದನ್ನು ಮಾಡಿತ್ತು. ಮಗುವಿನ ತಲೆ ಸಂತೆಯ ಹಾಗೆ, ನೂರು ದನಿ ಒಟ್ಟಿಗೆ ಬೀಳುತ್ತವೆ. ಬೊಟ್ಟು ಆ ಸಂತೆಯಲ್ಲಿ ಕೈ ಹಿಡಿದು ನಡೆಸುತ್ತಿತ್ತು. ಶಾಲೆಯ ಮಾತು ಕೇಳಿದಾಗ ಮಿದುಳಿಗೆ 'ಇದು ಬೇಕಾದದ್ದು' ಎಂದು ಮೆಲ್ಲಗೆ ತಟ್ಟುತ್ತಿತ್ತು. ಮನೆಯ ಮಾತು ಮರೆಯಬಾರದಲ್ಲ, ಅದು ಕೇಳಿದಾಗಲೂ ತಟ್ಟುತ್ತಿತ್ತು. ಇವೆರಡೂ ಅಲ್ಲದ ಗದ್ದಲಕ್ಕೆ ಮಾತ್ರ 'ಇದು ಬೇಡ' ಎನ್ನುತ್ತಿತ್ತು. ಎರಡು ಋತು ಕಳೆಯುವುದರೊಳಗೆ ಬೊಟ್ಟು ತೆಗೆದರೂ ಮಗು ಮೀನಿನ ಹಾಗೆ ಎರಡು ನೀರಲ್ಲೂ ಈಜುತ್ತಿತ್ತು. ಹುಲಿಗೆವ್ವನ ಮಕ್ಕಳಿಬ್ಬರೂ ಹಾಗೆ ಕಲಿತೇ ಕೊಂಕಣಿಯಲ್ಲಿ ಜಗಳ ಮಾಡಿ, ಕನ್ನಡದಲ್ಲಿ ಬಂದು ಅಮ್ಮನಿಗೆ ಚಾಡಿ ಹೇಳುತ್ತಿದ್ದರು.

ಬೊಟ್ಟು ಅಂಟಿಸುವ ಮೊದಲು ಮನೆಯ ಮಾತು ಯಾವುದೆಂದು ಅದಕ್ಕೆ ಕಲಿಸಬೇಕಿತ್ತು. ಕೇಂದ್ರದವರು ಬಂದು ಥಾವರುವನ್ನು ಕೇಳಿದ್ದರು. ಥಾವರು ಎದ್ದು ನಿಂತು, "ಕನ್ನಡ ರೀ," ಅಂದಿದ್ದ. ಶೆಡ್ಡಿನ ಗೋಡೆಗೆ ಒಂದು ಪುಟ್ಟ ಪೆಟ್ಟಿಗೆ ನೇತುಹಾಕಿ, ಒಂದು ವಾರ ಎಂದಿನ ಹಾಗೆ ಮಾತಾಡಿಕೊಂಡಿರಿ, ಇದು ಕೇಳಿ ಕಲಿಯುತ್ತದೆ ಎಂದು ಹೇಳಿಹೋದರು. ಅವರು ಬೆನ್ನು ತಿರುಗಿಸಿದ ಕೂಡಲೇ ಥಾವರು ಹೆಂಡತಿಗೆ, "ಈ ವಾರ ನೀ ಬಾಯಿ ತಗೀಬ್ಯಾಡ. ನಿನ್ನ ಹರಕ ಕನ್ನಡ ಕೇಳಿದ್ರ ಹುಡುಗೀನ ಕೈ ಬಿಡ್ತಾರ," ಅಂದಿದ್ದ. ಮಗಳ ಬಾಳು ಹಸನಾಗುತ್ತದಲ್ಲ ಎಂದು ಸಕ್ರಿ ಒಂದು ವಾರ ಮೂಕಿಯಾಗಿದ್ದಳು. ಉಪ್ಪು ಬೇಕೆಂದರೂ ಕೈಸನ್ನೆ.

ಟ್ಯಾಂಕರಿನ ಘಟನೆಯ ಮರುದಿನ ಕೂಲಿ ಬಿಟ್ಟು, ಮಗಳನ್ನು ಎಳೆದುಕೊಂಡು, ಗಂಡನನ್ನೂ ಹೊರಡಿಸಿಕೊಂಡು ಸಕ್ರಿ ಆ ಕೇಂದ್ರಕ್ಕೆ ಹೋದಳು. ಅಲ್ಲಿಯ ಡಾಕ್ಟರು ಶರ್ಮಿಳಾ ತಳೇಕರ ಕಾರವಾರದವಳು, ಕನ್ನಡ ಬಲ್ಲವಳು. ಪಾಯಲಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ತಲೆಗೆ ಬಲೆಯಂಥ ಟೋಪಿ ತೊಡಿಸಿದಳು. ಹೊರಗೆ ಪರದೆಯ ಮೇಲೆ ಹುಡುಗಿಯ ಮಿದುಳು ಮೂಡಿತು. ಶರ್ಮಿಳಾ ಕೊಂಕಣಿಯಲ್ಲಿ ಮಾತಾಡಿದರೆ ಎಡಗಡೆ ದೀಪಾವಳಿ. ಥಾವರು ಕನ್ನಡದಲ್ಲಿ ಮಾತಾಡಿದರೂ ದೀಪಾವಳಿ.

"ಈಗ ನೀವು ಮಾತಾಡಿ. ನಿಮ್ಮ ಮಾತಿನಲ್ಲೇ."

ಸಕ್ರಿ ಮೈಕಿನ ಹತ್ತಿರ ಬಾಯಿಟ್ಟು ಮಗಳನ್ನು ಕರೆದಳು. ಪರದೆಯ ತಳದಲ್ಲೆಲ್ಲೋ ಒಂದು ಬೆಚ್ಚನೆಯ ಕೆಂಪು ಹರಡಿತು. ಎಡಗಡೆ ಮಾತ್ರ ಕತ್ತಲೆ.

"ಈ ಕೆಂಪು ನೋಡಿ. ಇದು ನನ್ನ ಅಮ್ಮನ ದನಿ ಅಂತ ಅವಳಿಗೆ ಗೊತ್ತು," ಶರ್ಮಿಳಾ ಮೆತ್ತಗೆ ಹೇಳಿದಳು. "ಆದ್ರೆ ಆ ದನಿಯೊಳಗೆ ಮಾತಿದೆ ಅಂತ ಗೊತ್ತಿಲ್ಲ. ಫ್ಯಾನು ತಿರುಗ್ತಾ ಇದ್ರೆ ನಾವು ಕೇಳಿಸ್ಕೊಳ್ತೇವಾ? ಹಾಗೆ. ನೀವು ಮನೇಲಿ ಆಡೋದು ಯಾವ ಭಾಷೆ?"

ಥಾವರು ನೆಲ ನೋಡಿದ. "ಅದು ಭಾಷಾ ಅಲ್ಲ ಬಿಡ್ರೀ. ಹಂಗ ಮನ್ಯಾಗ ಆಡೂದು. ಲಂಬಾಣಿ."

ಡಾಕ್ಟರು ಕುರ್ಚಿಗೊರಗಿ ಕಣ್ಣು ಮುಚ್ಚಿದಳು. ಅವಳು ಬೈಯಲಿಲ್ಲ. ಬೈದಿದ್ದರೆ ಥಾವರುವಿಗೆ ಹಗುರಾಗುತ್ತಿತ್ತೋ ಏನೋ. "ನಾವು ಯಾರು ಮೊದಲು ಬಾಯಿ ತೆರೆದ್ರೋ ಅವರ ಮಾತೇ ಬರಕೊಂಡು ಬಂದ್ವಿ. ತಾಯಿಯನ್ನ ಕೇಳಲಿಲ್ಲ. ಬೊಟ್ಟು ಲಂಬಾಣಿಯನ್ನ ಗದ್ದಲ ಅಂತ ತಳ್ಳಿಹಾಕ್ತು," ಅಂದಳು.

"ಈಗ ಕಲಿಸ್ರಿ ಆ ಬೊಟ್ಟಿಗೆ. ನಾ ಎಷ್ಟ ದಿನ ಬೇಕಾದ್ರ ಮಾತಾಡ್ತೀನಿ," ಸಕ್ರಿ ತನ್ನ ತುಂಡುತುಂಡು ಕನ್ನಡದಲ್ಲಿ ಹೇಳಿದಳು.

"ಮಗು ಕಿವಿ ಕೊಟ್ಟ ಮಾತನ್ನ ಮಾತ್ರ ಬೊಟ್ಟು ಗಟ್ಟಿ ಮಾಡ್ತದೆ, ಸಕ್ರಿಬಾಯಿ. ಅವಳು ಕಿವೀನೇ ಕೊಡ್ತಾ ಇಲ್ಲ. ಬೀಗ ಹಾಕಿ ಕೀಲಿ ಒಳಗೇ ಬಿಟ್ಟ ಹಾಗಾಗಿದೆ."

"ಬೊಟ್ಟು ತಗದ್ರ ತಾನಾಗಿ ಸರಿ ಆಗೂದಿಲ್ಲೇನ್ರೀ?" ಥಾವರು ಕೇಳಿದ.

"ಇಲ್ಲ, ಮಿದುಳಿಗೆ ಈಗಾಗಲೇ ರೂಢಿ ಆಗಿಬಿಟ್ಟಿದೆ. ಈ ವಯಸ್ಸು ದಾಟೋದ್ರೊಳಗೆ ಏನಾದ್ರೂ ದಾರಿ ಸಿಕ್ಕಿದ್ರೆ ಆಯ್ತು. ಆಮೇಲೆ ಮಿದುಳು ಆ ಜಾಗವನ್ನ ಬೇರೆ ಕೆಲಸಕ್ಕೆ ಕೊಟ್ಟುಬಿಡ್ತದೆ. ಸುಳ್ಳು ಧೈರ್ಯ ಹೇಳಲಾರೆ."

ಮನೆಗೆ ಬಂದ ಮೇಲೆ ಗಂಡ ಹೆಂಡತಿಗೆ ಜಗಳವಾಯಿತು. ಜಗಳ ಲಂಬಾಣಿಯಲ್ಲಿ. ಪಾಯಲ್ ಅದೇ ಹಾಸಿಗೆಯ ಮೇಲೆ ಕೂತು ಗೊಂಬೆಗೆ ಜಡೆ ಹೆಣೆಯುತ್ತಿದ್ದಳು, ಯಾರೂ ಏನೂ ಅನ್ನುತ್ತಿಲ್ಲವೆಂಬಂತೆ.

"ನಾ ಸುಳ್ಳ ಹೇಳೇನೇನು? ನಮಗ ಕನ್ನಡ ಬರೂದಿಲ್ಲೇನು?" ಥಾವರು ಕೂಗಿದ.

"ಮನ್ಯಾಗ ಏನ ಆಡ್ತೀರಿ ಅಂತ ಕೇಳಿದ್ರು."

"ಹೋದಲ್ಲೆಲ್ಲ ಕೇಳ್ತಾರ. ಲಂಬಾಣಿ ಅಂದ್ರ ಮೊದಲ ನಮ್ಮ ಮಾರಿ ನೋಡ್ತಾರ, ಆಮ್ಯಾಲ ತಮ್ಮ ಕಿಸೆ ಮುಟ್ಟಿ ನೋಡ್ಕೋತಾರ. ನೀ ನೋಡಿಲ್ಲ. ನಾ ನೋಡೀನಿ. ನನ್ನ ಮಗಳಿಗೆ ಅದು ಬ್ಯಾಡ ಅನಿಸ್ತು. ತಪ್ಪಾ?"

ಗಂಡನ ಸಿಟ್ಟಿನ ಹಿಂದೆ ಎಂಥ ನೋವಿದೆಯೆಂದು ಸಕ್ರಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದ ಮಗಳೇನೂ ಮರಳಿ ಬರಲಿಲ್ಲ.

ಆಮೇಲಿನ ದಿನಗಳಲ್ಲಿ ಅವಳು ಮಾಡದ ಉಪಾಯವಿಲ್ಲ. ಮಗಳ ಕಿವಿಗೆ ಬಾಯಿ ಹಚ್ಚಿ ಪಿಸುಗುಟ್ಟಿದಳು, ಹುಡುಗಿ ಕಚಗುಳಿಯೆಂದು ನಕ್ಕಳು. ಅನ್ನ ತೋರಿಸಿ ಅನ್ನದ ಹೆಸರು ಹೇಳಿದಳು, ಹುಡುಗಿ ಅನ್ನ ತಿಂದಳು, ಹೆಸರು ಬಿಟ್ಟಳು. ಜೋಗುಳ ಹಾಡಿದಳು. ಪಾಯಲ್ ಮೈಮೇಲೆ ಕಾಲು ಹಾಕಿ, "ಅವ್ವಾ, ನಿನ್ನ ಗುಂಯ್ ಗುಂಯ್ ಚಲೋ ಐತಿ. ನಿದ್ದಿ ಬರ್ತೈತಿ," ಅಂದಳು. ಮಗಳೇನೂ ಕೆಟ್ಟವಳಲ್ಲ. ತಾಯಿಯೆಂದರೆ ಜೀವ. ಹಾಗಿರುವುದರಿಂದಲೇ ಸಕ್ರಿಗೆ ತಡೆಯಲಾಗುತ್ತಿರಲಿಲ್ಲ. ಕನ್ನಡದಲ್ಲಿ "ಬಾ", "ತಿನ್ನು", "ಮಲಗು" ಅಂದರೆ ಮಗಳು ಬರುತ್ತಿದ್ದಳು, ತಿನ್ನುತ್ತಿದ್ದಳು, ಮಲಗುತ್ತಿದ್ದಳು. ಆದರೆ ಅಂಗಡಿಯವನ ಹತ್ತಿರ ಆಡುವ ಮಾತಿನಲ್ಲಿ ಹೆತ್ತವಳು ಎಷ್ಟು ಹೊತ್ತು ಬದುಕಬಹುದು? 'ನೀ ಹುಟ್ಟಿದಾಗ ಬೆಂಕಿಯಂಥ ಬಿಸಿಲು, ನಿನ್ನಜ್ಜಿ ಮಡಿಲಲ್ಲಿ ಹೊತ್ತು ನೆರಳಿನಿಂದ ನೆರಳಿಗೆ ಓಡಿದಳು' ಎಂಬುದನ್ನು ಕನ್ನಡದಲ್ಲಿ ಹೇಳಹೊರಟು ಅರ್ಧಕ್ಕೇ ಸಿಕ್ಕಿಕೊಂಡಳು. ಮಗಳೇ ಅವಳ ತಪ್ಪು ತಿದ್ದಿದಳು.

ಇಂಥದರಲ್ಲಿ ತಾಂಡೂರಿನಿಂದ ಅಕ್ಕ ದೇವ್ಲಿ ಬಂದಳು. ಹೊಸ ವಸತಿಯಲ್ಲಿ ಕೆಲಸ ಸಿಕ್ಕೀತೇ ಎಂದು ನೋಡಲು, ಗಂಟುಮೂಟೆ ಹೊತ್ತು.

ಲಂಬಾಣಿ ಹೆಂಗಸರು ಬಹಳ ಕಾಲದ ಮೇಲೆ ಭೇಟಿಯಾದರೆ 'ಚೆನ್ನಾಗಿದ್ದೀಯಾ' ಎಂದು ಕೇಳುವುದಿಲ್ಲ. ಕೊರಳಿಗೆ ಕೊರಳು ಕೊಟ್ಟು, ರಾಗ ಎಳೆದು ಅಳುತ್ತಾರೆ. ಅಳುವಿನಲ್ಲೇ ಅಷ್ಟು ದಿನದ ಸುಖದುಃಖವನ್ನೆಲ್ಲ ಸಾಲುಸಾಲಾಗಿ ಹೇಳಿಕೊಳ್ಳುತ್ತಾರೆ. ಯಾರು ಹೆತ್ತರು, ಯಾರು ಹೋದರು, ಯಾವ ಎತ್ತು ಬಿತ್ತು. ಹೊರಗಿನವರಿಗೆ ಅದು ಗೋಳು, ಅವರಿಗೆ ಅದು ಕುಶಲಪ್ರಶ್ನೆ. ದೇವ್ಲಿ ಬಾಗಿಲಲ್ಲೇ ಗಂಟು ಇಳಿಸಿ ತಂಗಿಯ ಕೊರಳಿಗೆ ಬಿದ್ದು ಶುರು ಮಾಡಿದಳು. ಸಕ್ರಿಯ ಎದೆಯ ಕಟ್ಟೆ ಒಡೆಯಿತು.

"ಅಕ್ಕಾ, ನನ್ನ ಮಗಳು ಕಣ್ಮುಂದ ಅದಾಳ, ನನ್ನ ಮಗಳು ಹೋಗ್ಯಾಳ. ಕೂಸಿನ ಕೈ ನನ್ನ ಕೈಯಾಗ ಐತಿ ಅಕ್ಕಾ, ಕೂಸು ಬಾಳ ದೂರ ಹೋಗ್ಯಾಳ..."

ಯಾರೋ ಸೆರಗು ಜಗ್ಗಿದರು. ಪಾಯಲ್ ನಿಂತಿದ್ದಳು, ಮುಖವೆಲ್ಲ ಗಾಬರಿ.

"ಅವ್ವಾ, ನಾ ಎಲ್ಲಿ ಹೋಗೀನಿ? ನಾ ಇಲ್ಲೇ ಅದೀನಲ್ಲ."

ಸಕ್ರಿಯ ಅಳು ಗಂಟಲಲ್ಲೇ ನಿಂತಿತು. ಮೊಣಕಾಲೂರಿ ಮಗಳ ಗಲ್ಲ ಹಿಡಿದು, ಲಂಬಾಣಿಯಲ್ಲೇ, "ಕೇಳಿಸ್ತೇನು ನಿನಗ? ನಾ ಹೇಳಿದ್ದು ಕೇಳಿಸ್ತೇನು ಬಂಗಾರಾ?" ಎಂದು ಕೇಳಿದಳು. ಹುಡುಗಿಯ ಮುಖ ಮತ್ತೆ ಖಾಲಿಯಾಯಿತು. ಕಿಟಕಿಯಾಚೆಯ ಮಳೆ.

ಮತ್ತೆ ಕೇಂದ್ರ. ಮತ್ತೆ ಗಾಜಿನ ಕೋಣೆ, ಬಲೆಯ ಟೋಪಿ. ಈ ಸಲ ದೇವ್ಲಿಯೂ ಜೊತೆಗೆ. ಶರ್ಮಿಳಾ ಎಲ್ಲವನ್ನೂ ಕೇಳಿ, ಸ್ವಲ್ಪ ಹೊತ್ತು ಉಗುರು ಕಚ್ಚಿ, ತಟ್ಟನೆ ಎದ್ದು ನಿಂತಳು.

"ಅಳು! ಅಳುವನ್ನ ಬೊಟ್ಟು ಮುಟ್ಟೋದಿಲ್ಲ. ಒಂದು ಮಗುವಿಗೆ ಇನ್ನೊಬ್ಬರ ಅಳು ಕೇಳದ ಹಾಗೆ ಮಾಡಬಾರದು ಅಂತ ಮೊದಲೇ ಹೊರಗಿಟ್ಟಿದ್ವಿ. ನಿಮ್ಮ ಮಾತು ಅಳುವಿನ ಬೆನ್ನೇರಿ ಒಳಗೆ ಹೋಗಿದೆ. ಅಂದ್ರೆ ಭಾಷೆ ಸತ್ತಿಲ್ಲ, ಒಳಗೇ ಇದೆ."

ದೇವ್ಲಿ ಚುರುಕಿನ ಹೆಂಗಸು. "ಅಷ್ಟೇ ಅಲ್ಲೇನು? ಇಕಾ," ಎಂದು ಮೈಕಿಗೆ ಬಾಯಿಟ್ಟು ಮದುವೆಮನೆಯಲ್ಲಿ ಹೆಣ್ಣು ಕಳಿಸುವಾಗ ಲೆಕ್ಕಕ್ಕೆ ಅಳುವವರ ಹಾಗೆ ರಾಗ ಎಳೆದಳು. ಪರದೆ ಕತ್ತಲೆ. ಇನ್ನೂ ಎತ್ತರಕ್ಕೆ ಎಳೆದಳು, ಎದೆಯನ್ನೂ ಬಡಿದುಕೊಂಡಳು. ಕತ್ತಲೆ. ಗಾಜಿನಾಚೆ ಪಾಯಲ್ ಆಕಳಿಸಿದಳು. ಶರ್ಮಿಳಾ ಬೇರೆ ಯಾರದೋ ಅಳುವನ್ನು ಯಂತ್ರದಿಂದ ಕೇಳಿಸಿದಳು, ಸಕ್ರಿಯ ಮಾತಿಗೆ ನಡುಗುವ ದನಿ ಬೆರೆಸಿ ನೋಡಿದಳು. ಯಾವುದೂ ಹತ್ತಲಿಲ್ಲ.

ಪರದೆ ನೋಡುತ್ತ ನಿಂತಿದ್ದ ಸಕ್ರಿ ನೆಲಕ್ಕೆ ಕುಸಿದು, ಯಾರಿಗೆಂದೂ ಇಲ್ಲದೆ, "ಇದೂ ಹೋತಲ್ಲ ನನ್ನ ಕೂಸೇ," ಅಂದಳು. ದನಿ ಒಡೆದಿತ್ತು. ಮೈಕು ತೆರೆದೇ ಇತ್ತು. ಪರದೆಯ ಎಡಗಡೆ ಬೆಳಕಿನ ಕಿಡಿ ಹಾರಿತು.

ಶರ್ಮಿಳಾ ಪರದೆಗೆ ಮುಖ ತಂದು ಆ ಕಿಡಿಯನ್ನು ನೋಡಿದಳು.

"ಗಂಟಲು ನಿಜವಾಗಿ ಬಿಗಿದಾಗ ದನಿಯಲ್ಲಿ ಒಂದು ನಡುಕ ಬರ್ತದೆ," ಅವಳು ಹೇಳಿದಳು. "ಯಂತ್ರಕ್ಕೆ ಸಾಧ್ಯವಿಲ್ಲ, ನಟನೆಗೂ ಇಲ್ಲ. ಮಕ್ಕಳಿಗೆ ಅದು ತಿಳೀತದೆ." ಅವಳು ಸಕ್ರಿಯ ಪಕ್ಕ ನೆಲದ ಮೇಲೇ ಕೂತಳು. "ದಿನಾ ಹೀಗೆ ಅತ್ತು ಮಾತಾಡಿದ್ರೆ ಕಿವಿ ತೆರೆದೀತು. ತೆರೆದ ಮೇಲೆ ಮೆಲ್ಲಮೆಲ್ಲಗೆ ಅಳುವನ್ನ ಇಳಿಸ್ತಾ ಬಂದು ಬರೀ ಮಾತಿಗೆ ತರಬಹುದು. ಆದೀತು ಅಂತ ಖಾತ್ರಿ ಇಲ್ಲ. ಆದ್ರೆ ದಿನಾ ನಿಜವಾಗಿ ಅಳಬೇಕು ಅಂತ ಒಬ್ಬ ತಾಯಿಗೆ ನಾನು ಹೇಗೆ ಹೇಳಲಿ?"

"ಹೇಳ್ರಿ, ಹೇಳ್ರಿ," ಸಕ್ರಿ ಮೂಗು ಒರೆಸಿಕೊಂಡಳು. "ಅದಕ್ಕೇನ ನಮ್ಮಲ್ಲಿ ಬರ ಇಲ್ಲ."

ಮೊದಲ ಸಂಜೆಯೇ ಶೆಡ್ಡುಗಳ ಸಾಲೆಲ್ಲ ಬಾಗಿಲಿಗೆ ಬಂದು ನಿಂತಿತು. ಒಳಗಿನಿಂದ ಕರುಳು ಕಿತ್ತು ಬರುವಂಥ ಗೋಳು. ಹುಲಿಗೆವ್ವ ಒದ್ದೆ ಕೈಯಲ್ಲೇ ಓಡಿ ಬಂದಳು. "ಯವ್ವಾ ಸಕ್ರಿ! ಯಾರ ಹೋದ್ರವಾ? ಊರಿಂದ ಫೋನ್ ಬಂತೇನು?"

ಬಾಗಿಲಿಗೆ ಬಂದದ್ದು ಪಾಯಲ್. "ಯಾರೂ ಸತ್ತಿಲ್ಲ ಬಿಡವಾ ದೊಡ್ಡವ್ವ. ಕೈ ತೊಳಕೊಂಡು ಬಾ, ಅನ್ನ ಆರ್ತೈತಿ ಅಂತ ಕರ್ಯಾಕತ್ಯಾಳ."

"ಹಂಗಂತ ಇಷ್ಟ್ ಅಳೂದಾ? ನಮ್ಮನ್ಯಾಗ ಅನ್ನಾನೇ ಇಲ್ಲ, ನಾ ಅತ್ತೇನೇನು?" ಹುಲಿಗೆವ್ವ ಅಂದಳು. ಜನ ನಕ್ಕರು. ಆಮೇಲೆ ಥಾವರು ಹೊರಗೆ ಬಂದು ಸಂಗತಿ ಹೇಳಿದ. ತಾನು 'ಕನ್ನಡ' ಅಂದದ್ದನ್ನೂ ಬಿಡದೆ ಹೇಳಿದ. ನಗು ಅಡಗಿತು. ಹಿಂದಿನ ಸಾಲಿನಿಂದ ಒಬ್ಬ ಲಂಬಾಣಿ ಹೆಂಗಸು ಮುಂದೆ ಬಂದು, ತನ್ನ ಮಗನೂ ತಿರುಗಿ ನೋಡುವುದಿಲ್ಲ, ಹುಂಬತನವೆಂದು ಹೊಡೆಯುತ್ತಿದ್ದೆ ಎಂದು ಸೆರಗು ಬಾಯಿಗೊತ್ತಿಕೊಂಡಳು.

ಹಾಗೆ ದಿನ ನಡೆದವು. ಸಕ್ರಿ ಅತ್ತು ಮಗಳನ್ನು ಎಬ್ಬಿಸಿದಳು, ಅತ್ತು ತಲೆ ಬಾಚಿದಳು, ಅತ್ತು ಶಾಲೆಗೆ ಕಳಿಸಿದಳು. ಕಣ್ಣು ಊದಿಕೊಂಡವು, ದನಿ ಬಿದ್ದುಹೋಯಿತು. ಕೆಲಸದಲ್ಲಿ ಮೇಸ್ತ್ರಿ, "ಏನವಾ, ಗಂಡ ಹೊಡಿತಾನೇನು?" ಎಂದು ಕೇಳಿದ. ಥಾವರು ಅದನ್ನೂ ನುಂಗಿಕೊಂಡ.

ಆದರೆ ಪಾಯಲ್ ತಾಯಿಗೆ ತಕ್ಕ ಮಗಳು. ಅಮ್ಮ ಅಳುವುದನ್ನು ಅವಳಿಗೆ ಸಹಿಸಲಾಗಲಿಲ್ಲ. ಕೈ ತೊಳೆ ಎಂದು ಅಳುತ್ತಾಳಲ್ಲ, ಮೊದಲೇ ತೊಳೆದು ನಿಂತಳು. "ನೋಡವ್ವಾ, ತೊಳಕೊಂಡೀನಿ. ಅಳಬ್ಯಾಡ." ಕರೆಯುವ ಮೊದಲೇ ಎದ್ದಳು, ಹೇಳುವ ಮೊದಲೇ ಜಡೆಗೆ ಕೂತಳು. ಸೆರಗಿನ ತುದಿ ಹಿಡಿದು ಅಮ್ಮನ ಕಣ್ಣು ಒರೆಸಿದಳು. ಇಷ್ಟು ಒಳ್ಳೆಯ ಮಗಳು ಇಡೀ ಸಾಲಿನಲ್ಲಿರಲಿಲ್ಲ. ಸಕ್ರಿಗೆ ಮಗಳೊಡನೆ ಆಡುವ ಮಾತೇ ಉಳಿಯದೆ ಹೋಯಿತು.

ಹಾಗಾಗಿ ಅವಳು ಕತೆಗೆ ಹೊರಳಿದಳು. ಮಗಳು ಮೊದಲೇ ಊಹಿಸಿ ಮಾಡಿ ಮುಗಿಸಲಾಗದಂಥ ಮಾತು ಅದೊಂದೇ. ಒಂದು ಮಧ್ಯಾಹ್ನ, ಕೆಲಸಕ್ಕೆ ರಜೆಯಿದ್ದ ದಿನ, ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ತನ್ನ ಅಜ್ಜಿಯ ಕತೆ ಶುರು ಮಾಡಿದಳು. ಅಳುತ್ತಲೇ. ಸಂತೆಯಲ್ಲಿ ಅಜ್ಜಿ ಒಂದು ಹಟಮಾರಿ ಕತ್ತೆ ಕೊಂಡದ್ದು. ಆ ಕತ್ತೆ ಹಳ್ಳದ ನಡುವೆ ನಿಂತುಬಿಟ್ಟದ್ದು. ಅಜ್ಜಿ ಕತ್ತೆಯನ್ನು ಬೈದು, ಬೇಡಿಕೊಂಡು, ಕೊನೆಗೆ ಸಿಟ್ಟು ಬಂದು ಅದನ್ನೇ ಹೆಗಲ ಮೇಲೆ ಹೊರಲು ಹೋದದ್ದು.

ಪಾಯಲ್ ಕೇಳುತ್ತಿದ್ದಳು. ಕಣ್ಣು ಅಮ್ಮನ ಬಾಯಿಯ ಮೇಲೆ. ಕತ್ತೆಯನ್ನು ಹೊತ್ತ ಮಾತು ಬಂದಾಗ ಕಿಲಕಿಲನೆ ನಕ್ಕುಬಿಟ್ಟಳು.

ಆ ನಗು ಕೇಳಿ ಸಕ್ರಿಯೂ ನಕ್ಕಳು. ಎಷ್ಟು ದಿನವಾಗಿತ್ತು! ತನ್ನ ಮಾತು, ತನ್ನ ಅಜ್ಜಿಯ ಮಾತು, ತನ್ನ ಮಗಳನ್ನು ನಗಿಸಿತ್ತು. ಎದೆ ಹಗುರಾಯಿತು, ಗಂಟಲ ಬಿಗಿ ಸಡಿಲಿತು. ಅದೇ ಖುಷಿಯಲ್ಲಿ ಮುಂದಿನದನ್ನು ಹೇಳುತ್ತಾ ಹೋದಳು. ಕತ್ತೆ ಏನು ಮಾಡಿತು, ಅಜ್ಜಿ ಹೇಗೆ ನೀರಿಗೆ ಬಿದ್ದಳು, ದಂಡೆಯ ಮೇಲಿದ್ದವರು ಏನೆಂದರು.

ಹೇಳುತ್ತ ಹೇಳುತ್ತ ಮಗಳನ್ನು ನೋಡಿದಳು. ಹುಡುಗಿಯ ಮುಖದ ಮೇಲೆ ನಗು ಹಾಗೇ ಇತ್ತು, ಕಾಯುತ್ತ ಇತ್ತು. ಅದರ ಹಿಂದೆ ಯಾರೂ ಇರಲಿಲ್ಲ.

"ಅವ್ವಾ," ಪಾಯಲ್ ಅವಳ ಗಲ್ಲ ಅಲುಗಿಸಿದಳು. "ಯಾಕ ನಿಲ್ಲಿಸಿದಿ? ಅಜ್ಜಿ ಕತ್ತಿ ಹೊತ್ಕೊಂಡ್ಳು. ಮುಂದ?"

ಸಕ್ರಿ ಮಗಳ ಮುಖವನ್ನೇ ನೋಡಿದಳು. ಅಳು ಬರುವುದಕ್ಕೆ ಅವಳು ಬೇರೇನನ್ನೂ ನೆನೆಯಬೇಕಾಗಲಿಲ್ಲ. ಗಂಟಲು ತಾನಾಗಿ ಬಿಗಿಯಿತು. ಅಜ್ಜಿ ನೀರಿಗೆ ಬಿದ್ದದ್ದನ್ನು ಅವಳು ಮತ್ತೆ ಮೊದಲಿನಿಂದ ಹೇಳಿದಳು, ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು.